ಲೋಟದ ಭಾಷೆಯಲ್ಲಿ ನನ್ನ ಹೆಸರು

ದೇವರು ದುಃಖ ಕೊಡುವಾಗಲೂ ನಗುವುದಕ್ಕೆ ಅಷ್ಟಿಷ್ಟು ಜಾಗ ಬಿಟ್ಟೇ ಕೊಡುತ್ತಾನೆ. ನಮ್ಮ ಮನೆಯಲ್ಲಂತೂ ಹಾಗೇ ಆಗುತ್ತಾ ಬಂತು.

೧. ಎರಡು ಏಟು

ಲಕ್ವ ಹೊಡೆದು ನನ್ನ ಹೆಂಡತಿಯ ಮಾತು ನಿಂತುಹೋಯಿತು. ಬಲಗೈಯೂ ಬಿತ್ತು. ಆಗ ಅವಳೂ ಸೊಸೆಯೂ ಸೇರಿ ಒಂದು ಭಾಷೆ ಕಟ್ಟಿದರು. ಎಡಗೈಯಿಂದ ಲೋಟಕ್ಕೆ ಎರಡು ಏಟು ಹಾಕಿದರೆ ‘ಹೇಳುತ್ತೀನಿ’ ಎಂದು. ಆಮೇಲೆ ಯಾರಿಗೆ ಎಂಬ ಗುರುತು, ಕೊನೆಗೆ ಏನು ಎಂಬ ಗುರುತು. ಮೂಗು ಮುಟ್ಟಿದರೆ ಮೂಗುತಿಯ ಸೊಸೆ, ಮೀಸೆ ತಿರುವಿದರೆ ಮಗ.

ಗಂಡಸಿ ಊರಿನಿಂದ ನನ್ನ ತಂಗಿ ನೋಡಲು ಬಂದಳು. ಮೂರು ದಿನ ಹಾಸಿಗೆಯ ಪಕ್ಕದಲ್ಲೇ ಕೂತು ಅತ್ತಳು. ಮೂರನೆಯ ದಿನ ಲೋಟಕ್ಕೆ ಎರಡು ಏಟು ಬಿತ್ತು. ನನ್ನವಳು ಮೂಗು ಮುಟ್ಟಿ, ತಂಗಿಯನ್ನು ತೋರಿಸಿ, ಬಸ್ಸಿನ ಸ್ಟೇರಿಂಗ್ ತಿರುಗಿಸಿದಳು.

“ಏನಂತಾವ್ರೆ ಅತ್ತಿಗೆ?” ಎಂದಳು ತಂಗಿ.

“ಬಸ್ಸು ರಶ್ಶು, ಇನ್ನೆರಡು ದಿನ ಇದ್ದು ಹೋಗಿ ಅಂತಾವ್ರೆ” ಎಂದಳು ಸೊಸೆ.

ಹೆಂಡತಿ ಅಲ್ಲವೆಂದು ತಲೆಯಾಡಿಸಿ ಇನ್ನೂ ಜೋರಾಗಿ ಸ್ಟೇರಿಂಗ್ ತಿರುಗಿಸಿದಳು.

ತಂಗಿ ಕಣ್ಣೊರೆಸಿಕೊಂಡು ಬ್ಯಾಗು ಎತ್ತಿಕೊಂಡಳು. “ಮಾತು ಹೋದ್ರೂ ಬಾಯಿ ಹೋಗಿಲ್ಲ ಕಣಣ್ಣ.”

೨. ನನಗಿಲ್ಲದ ಗುರುತು

ದೇವರಿಗೂ ಒಂದು ಗುರುತಿತ್ತು. ಹಾಲಿನವನಿಗೂ ಇತ್ತು. ನನಗೆ ಮಾತ್ರ ಇರಲಿಲ್ಲ. ಗಂಡನ ಹೆಸರು ಹೇಳಬಾರದೆಂದು ನಲವತ್ತು ವರ್ಷ ಪಾಲಿಸಿದವಳು ಅವಳು. ರೇಷನ್ ಅಂಗಡಿಯಲ್ಲೂ ಪಕ್ಕದವರ ಬಾಯಲ್ಲಿ ಹೇಳಿಸುತ್ತಿದ್ದಳು. ಡಾಕ್ಟರು ಹೆಚ್ಚು ದಿನವಿಲ್ಲ ಎಂದಿದ್ದರು. ಹೋಗುವುದರೊಳಗೆ ಒಂದು ಸಲ ನನ್ನನ್ನು ಕರೆದಾಳೆಂದು ಆಸೆ.

“ಬೆರಳಿಗೂ ಮಡಿಯೇನೇ? ನಂಗೂ ಒಂದು ಗುರುತು ಮಾಡೇ” ಎಂದು ಬೇಡಿಕೊಂಡೆ. ಅವಳು ನಾಚಿ ಮುಖ ತಿರುಗಿಸಿದಳು.

ಸೊಸೆ ಸಮಾಧಾನ ಹೇಳಿದಳು: “ಮಾವ, ಯಾರ ಗುರುತೂ ಇಲ್ದೆ ಲೋಟ ಬಡಿದ್ರೆ ಅದು ನಿಮಗೇ.”

ಅಂದಿನಿಂದ ಅಡುಗೆಮನೆಯಲ್ಲಿ ಪಾತ್ರೆ ಬಿದ್ದರೂ “ಬಂದೆ ಕಣೇ” ಎಂದು ಓಡುತ್ತಿದ್ದೆ.

೩. ಗುಂಡಿ

ಒಂದು ಬೆಳಗ್ಗೆ ಅವಳಿಗೆ ಮೇಲುಸಿರು ಬಂತು. ಕಣಕಟ್ಟೆಯಿಂದ ಅವಳ ಅಣ್ಣಂದಿರು ಬಂದರು. ನಾನು ಕೈಗೆ ಸಿಕ್ಕ ಅಂಗಿ ತೊಟ್ಟು ಪಕ್ಕದಲ್ಲಿ ಕೂತೆ. ಲೋಟಕ್ಕೆ ಎರಡು ಏಟು. ಎಲ್ಲರೂ ಅಳು ನಿಲ್ಲಿಸಿದರು. ಅವಳು ತನ್ನ ಎದೆಯ ಹತ್ತಿರ ಏನನ್ನೋ ಚಿವುಟಿ ಓರೆಯಾಗಿ ಎಳೆದಳು.

“ಮಾವ, ಅಂಗಿ ಗುಂಡಿ ಹೆಚ್ಚುಕಮ್ಮಿ ಆಗೈತೆ!” ಎಂದಳು ಸೊಸೆ.

ಅಳಲು ಬಂದವರೆಲ್ಲ ನಕ್ಕರು. ಅವಳೂ ಸೊಟ್ಟ ಬಾಯಲ್ಲೇ ನಕ್ಕಳು.

ಮರುದಿನ ಗುಂಡಿ ಸರಿಯಾಗಿ ಹಾಕಿಕೊಂಡೇ ಹೋದೆ. ಮತ್ತೆ ಎರಡು ಏಟು, ಮತ್ತೆ ಅದೇ ಚಿವುಟು. ಆಮೇಲೆ ನೀರಿನ ಗುರುತು.

“ಸರಿಯಾಗೈತಲ್ಲೇ ಗುಂಡಿ?” ಎಂದೆ.

“ಅದು ಗುಂಡಿಗಲ್ಲ ಮಾವ” ಎಂದಳು ಸೊಸೆ ಮೆಲ್ಲಗೆ. “ನಿಮ್ಮನ್ನ ಕರೀತಾವ್ರೆ.”

ನೀರು ಕುಡಿಸಿದೆ. ನಾಲ್ಕನೆಯ ದಿನ ಹೋದಳು.

ಮೊನ್ನೆ ಮಾಲೇಕಲ್ಲು ಬೆಟ್ಟದ ಮೆಟ್ಟಿಲಲ್ಲಿ ಯಾರೋ ತಡೆದು, “ಯಜಮಾನ್ರೇ, ಗುಂಡಿ ತಪ್ಪಿ ಹಾಕ್ಕೊಂಡಿದೀರ” ಎಂದರು.

“ತಪ್ಪಿಲ್ಲ ಸ್ವಾಮಿ” ಎಂದೆ. “ನನ್ನ ಹೆಸರೇ ಹಂಗೆ.”