ರಾಜಾರಾಮ ಮಾಸ್ತರಿಗೆ ಗಾಳಿ ಹಿಡಿದದ್ದು

ದೇಶದ ಕಡ್ಡಿಪೆಟ್ಟಿಗೆ ಕಾರಖಾನೆಗಳಿಗೆಲ್ಲ ಬೀಗ ಹಾಕಿಸಿಯೇ ತೀರುವೆನೆಂದು ಜೋರಾಪುರ ಪೇಟೆಯ ರಾಜಾರಾಮ ಮಾಸ್ತರು ಆ ಭಾನುವಾರ ಮುಂಜಾನೆ ಪಣ ತೊಟ್ಟರು. ಆಯುಧ ಒಂದೇ: ಗೇಣುದ್ದದ ಹಿತ್ತಾಳೆ ಕೊಳವೆ, ಅದರೊಳಗೆ ಬಿಗಿಯಾಗಿ ಇಳಿಯುವ ಸರಳು, ಸರಳಿನ ತುದಿಗೆ ಚಿಟಿಕೆ ಅರಳೆ. ಸರಳನ್ನು ಧಡ್ಡನೆ ಗುದ್ದಿದರೆ ಒಳಗಿನ ಗಾಳಿ ಒತ್ತಡಕ್ಕೆ ಸಿಕ್ಕಿ, ಕಾದು, ಅರಳೆಗೆ ಕಿಡಿ ಹತ್ತಬೇಕು. ಡೀಸೆಲ್ ಎಂಜಿನ್ನಿನ ಗುಟ್ಟೂ ಇದೇ.

"ತಿಕೋಟಾದ ಬೀಗರು ನಮ್ಮ ಮಗಳು ಪೂನಮನ್ನ ನೋಡಾಕ ಬರ್ತಾರಲ್ಲ, ಅವರ ಚಾದ ಒಲಿ ಇವತ್ತ ಗಾಳೀಲೇ ಹಚ್ಚತೀನಿ," ಎಂದರು.

"ಹಿಂದಿನ ಬೀಗರು ನಿಮ್ಮ ವಿಜ್ಞಾನ ಕೇಳೇ ಎದ್ದು ಹೋಗ್ಯಾರ," ಎಂದಳು ಹೆಂಡತಿ ದಾನೇಶ್ವರಿ. "ಈ ಹುಡುಗ ಪೂನಮಗೂ ಮನಸ್ಸಿಗೆ ಬಂದಾನ. ಸುಮ್ನ ಅಂಗಿ ಹಾಕ್ಕೊಂಡು ಕುಂದರ್ರಿ."

ಮಾಸ್ತರು ಸುಮ್ಮನೆ ಕೂರುವ ಜಾತಿಯೇ? ಹಿತ್ತಲಿಗೆ ಹೋಗಿ ಗುದ್ದತೊಡಗಿದರು. ಆ ಗುದ್ದಿಗೆ ಗೋಳಗುಮ್ಮಟದ ಪಾರಿವಾಳಗಳು ಎದ್ದು ತಿಕೋಟಾದ ದ್ರಾಕ್ಷಿ ತೋಟದಲ್ಲಿ ಇಳಿದವಂತೆ. ಕಿಡಿ ಮಾತ್ರ ಬರಲಿಲ್ಲ. ಸರಳಿನ ರಬ್ಬರ್ ವಾಷರ್ ಸವೆದಿತ್ತು. ಮಾಸ್ತರು ಬೆವರಿಳಿಸುತ್ತ, ಕಣ್ಣು ಕೆಂಪಗೆ ಮಾಡಿಕೊಂಡು, "ಹಿಡೀತು... ಥೂ, ಬಿಡ್ತು. ಈ ಗಾಳಿ ಹಿಡಿದಿದ್ದು ಬಿಡಬಾರದು," ಎಂದು ಗೊಣಗುತ್ತಿದ್ದರು.

ಪಕ್ಕದ ಮನೆಯ ಹುಚ್ಚವ್ವ ಗೋಡೆಯ ಮೇಲಿಂದ ಇಣುಕಿದಳು. ನಮ್ಮ ಕಡೆ ಗಾಳಿಗೆ ಎರಡೇ ಕೆಲಸ, ಬೀಸುವುದು ಮತ್ತು ಮೈಯಲ್ಲಿ ಹೊಗುವುದು. ಅವತ್ತು ಎಲೆ ಅಲುಗುತ್ತಿರಲಿಲ್ಲ. ಹುಚ್ಚವ್ವ ನಿಂಬೆಹಣ್ಣು ಹುಡುಕಲು ಓಡಿದಳು.

ಬೀಗರ ಆಟೋ ಬಂದು ನಿಂತಾಗ ಬಾಗಿಲಲ್ಲಿ ಮೊದಲು ಸಿಕ್ಕವಳೂ ಅವಳೇ.

"ಸ್ವಲ್ಪ ತಡೀರಿ. ಮಾಸ್ತರಗ ಗಾಳಿ ಹಿಡದೈತಿ."

ಹುಡುಗನ ತಾಯಿ ಕಸ್ತೂರಿ ಎತ್ತಿದ ಕಾಲನ್ನು ಹೊಸ್ತಿಲ ಹೊರಗೇ ಇಳಿಸಿದಳು. "ಗಾಳಿ ಸೋಕಿದ ಮನ್ಯಾಗಿನ ಹೆಣ್ಣು ನಮಗ ಬ್ಯಾಡವ್ವ."

ಅಷ್ಟರಲ್ಲಿ ಮಾಸ್ತರು ವಾಷರಿಗೆ ಔಡಲೆಣ್ಣೆ ಬಳಿದುಕೊಂಡು ಕೊಳವೆ ಸಮೇತ ಓಡಿಬಂದರು. "ಅದು ಆ ಗಾಳಿ ಅಲ್ರಿ, ನಾವು ಉಸಿರಾಡೋ ಗಾಳಿ. ನೋಡ್ರಿ ಇಲ್ಲಿ," ಎಂದು ಗುದ್ದಿ, ಸರಳನ್ನು ಸರಕ್ಕನೆ ಎಳೆದರು.

ಹತ್ತಿತ್ತು. ಸಂತೋಷಕ್ಕೆ ಬಾಯಿ ಹತ್ತಿರ ತಂದು ಊದಿದರು. ಕಿಡಿಯಾದ ಅರಳೆ ಹಾರಿ ನೇರ ಎಡ ಮೀಸೆಯಲ್ಲಿ ಕೂತಿತು. ಮಾಸ್ತರು ಅಂಗಳದ ತುಂಬ ಕುಣಿದರು. ದಾನೇಶ್ವರಿ ಒಂದು ಕೊಡ ನೀರನ್ನು ಗಂಡನ ನೆತ್ತಿಗೆ ಸುರಿದಳು. ಮೂಗಿನ ಕೆಳಗಿಂದ ಹೊಗೆ ಎದ್ದಿತು.

ಹುಚ್ಚವ್ವ ಮಾಸ್ತರ ತಲೆಯ ಸುತ್ತ ನಿಂಬೆಹಣ್ಣು ನಿವಾಳಿಸಿ ಬಿಸಾಡಿದಳು. "ಹೊಗಿ ಆಗಿ ಹೊಂಟ್ತು ನೋಡ್ರಿ. ಬಿಡ್ತು."

ಕಸ್ತೂರಿಯ ಮುಖ ಸಡಿಲಾಯಿತು. "ಬಿಟ್ಟಿದ್ರ ನಮ್ಮದೇನೂ ತಕರಾರಿಲ್ಲ. ಖರೇನ ಬಿಡ್ತೇನ್ರಿ ಮಾಸ್ತರ?"

ವಿಜ್ಞಾನಕ್ಕಾದ ಅನ್ಯಾಯ ಕಂಡು ಮಾಸ್ತರು ಉಸಿರೆಳೆದುಕೊಂಡು ಬಾಯಿ ತೆರೆದರು. ಬಾಗಿಲ ಸಂದಿಯಲ್ಲಿ ಪೂನಮಳ ಕಣ್ಣು ತುಂಬಿತ್ತು. ಹಿಂದಿನಿಂದ ದಾನೇಶ್ವರಿ ಸೊಂಟ ಚಿವುಟಿದಳು.

"ಬಿಡ್ತ್ರಿ," ಎಂದರು ಮಾಸ್ತರು, ಉಳಿದ ಅರ್ಧ ಮೀಸೆ ಒರೆಸಿಕೊಳ್ಳುತ್ತ. "ಮೈ ಹಗುರ ಆಗೈತ್ರಿ."