ಭಾಷಣಕಾರರ ಆಟೋ ಖರ್ಚು

ಈ ಸಲ ಕೇಳಿಯೇ ತೀರುವುದೆಂದು ನಿರ್ಧರಿಸಿದ್ದೆ. ಕನ್ನಡ ಮೇಷ್ಟರಾಗಿ ನಿವೃತ್ತನಾದ ಮೇಲೆ ಸಿಕ್ಕಸಿಕ್ಕ ಸಂಘಗಳೆಲ್ಲ ನನ್ನನ್ನು ಭಾಷಣಕ್ಕೆ ಕರೆಯುತ್ತವೆ. ಹಲಸೂರಿನಿಂದ ಸ್ವಂತ ಖರ್ಚಿನಲ್ಲಿ ಹೋಗಬೇಕು, ಗಂಟಲು ಹರಿದುಕೊಳ್ಳಬೇಕು, ಒಂದು ಶಾಲು ಹೊದ್ದು ಬರಬೇಕು! ನಮ್ಮ ಮನೆಯಲ್ಲಿ ಈಗ ವಾಷಿಂಗ್ ಮಷಿನ್ನಿಗೂ ಶಾಲು ಹೊದಿಸಿ ಸನ್ಮಾನವಾಗಿದೆ.

"ಕರೆದಾಗ್ಲೇ ಕೇಳ್ಬೇಕ್ರೀ," ಎಂದಳು ಹೆಂಡತಿ ಸರೋಜಾ.

"ನನಗೇ ಮಾತಾಡೋದು ಹೇಳ್ಕೊಡ್ತೀಯಾ?" ಎಂದು ಗದರಿದೆ.

ಆಗಲೇ ಕಗ್ಗದಾಸಪುರದ ಅಪಾರ್ಟ್‌ಮೆಂಟ್ ಸಂಘದ ಕಾರ್ಯದರ್ಶಿ ಮಂಜುನಾಥನ ಫೋನು. "ಸರ್, ರಾಜ್ಯೋತ್ಸವಕ್ಕೆ ನೀವೇ ಬರ್ಬೇಕು. ವಿಷಯ, ದುಡಿಮೆಗೆ ತಕ್ಕ ಬೆಲೆ."

ಆಟೋ ಖರ್ಚಿನ ಮಾತು ನಾಲಿಗೆಯ ತುದಿಯವರೆಗೆ ಬಂತು. ಹೊರಬಿದ್ದದ್ದು, "ಆಗ್ಲಿ, ಬಹಳ ಸಂತೋಷ!"

ಸರೋಜಾ ಹಣೆ ಚಚ್ಚಿಕೊಂಡಳು. "ನಾನೂ ಬರ್ತೀನಿ. ನೀವು ಅಲ್ಲಾದ್ರೂ ಕೇಳ್ತೀರಾ ನೋಡೋಣ."

ಟ್ರಾಫಿಕ್ಕಿನಲ್ಲಿ ಆಟೋ ನಿಂತಿತ್ತು, ಮೀಟರ್ ಮಾತ್ರ ಓಡುತ್ತಿತ್ತು. ತಲುಪಿದರೆ ಗೋಡೆಯಷ್ಟು ದೊಡ್ಡ ಎಲ್‌ಇಡಿ ಪರದೆ, ಡೊಳ್ಳಿನ ತಂಡ, ಬಫೆ ಊಟ.

"ಪರದೆಯವರು ಅಡ್ವಾನ್ಸ್ ಕೊಡ್ದೆ ವೈರೂ ಬಿಚ್ಚಲ್ಲ ಸರ್," ಎಂದು ಮಂಜುನಾಥ ಗೋಳಾಡಿದ. "ನಿಮ್ಮೊಬ್ರದ್ದೇ ನೋಡಿ, ಏನೂ ಖರ್ಚಿಲ್ಲ!"

ಥೂ, ಇವರ ಅಭಿಮಾನಕ್ಕಿಷ್ಟು! ನಖಶಿಖಾಂತ ಉರಿದುಹೋಯಿತು. ವೇದಿಕೆ ಹತ್ತಿ ಜಾಡಿಸಿದೆ. "ಪರದೆಗೆ ದುಡ್ಡುಂಟು, ಪಲಾವಿಗೆ ದುಡ್ಡುಂಟು. ಮಾತಾಡುವವನಿಗೆ ಮಾತ್ರ ಶಾಲು! ಇದು ಗೌರವವಲ್ಲ, ಹಗಲುದರೋಡೆ!"

ಸಭೆ ಎದ್ದು ಚಪ್ಪಾಳೆ ತಟ್ಟಿತು. ಮಂಜುನಾಥನ ಮುಖ ಸಪ್ಪಗಾಯಿತು. ಖಜಾಂಚಿಯ ಕಿವಿಯಲ್ಲಿ ಏನೋ ಉಸುರಿ, ಒಂದು ದಪ್ಪ ಕವರು ಹಿಡಿದು ವೇದಿಕೆಗೇ ಬಂದ. "ಕಣ್ ತೆರೆಸಿದ್ರಿ ಸರ್. ಗೌರವಧನ, ಹೋಗೋ ಬರೋ ಆಟೋ ಖರ್ಚು, ಎಲ್ಲಾ ಇದ್ರಲ್ಲಿದೆ."

ಮುಂದಿನ ಸಾಲಿನಲ್ಲಿ ಸರೋಜಾ ವ್ಯಾನಿಟಿ ಬ್ಯಾಗಿನ ಜಿಪ್ಪು ತೆರೆದಳು. ನನ್ನ ದರಿದ್ರ ಬಾಯಿಯೂ ತೆರೆಯಿತು. "ಛೇ ಛೇ! ಇದೆಲ್ಲಾ ಯಾಕ್ರೀ? ಬೇಡ ಬೇಡ!"

ನಮ್ಮಲ್ಲಿ ಹಾಗೆ ಅನ್ನುವುದು ಮರ್ಯಾದೆ. ಕೊಡುವವರು ಬಲವಂತ ಮಾಡಬೇಕು, ಜೇಬಿಗೆ ತುರುಕಬೇಕು, ನಾವು ನಾಚಿಕೊಂಡು ಸುಮ್ಮನಾಗಬೇಕು. ತಲೆತಲಾಂತರದಿಂದ ನಡೆದುಬಂದ ಈ ಶಾಸ್ತ್ರ ಆ ಮಂಜುನಾಥನಿಗೆ ಗೊತ್ತಿರಬೇಡವೇ? ಕವರು ಗಬಕ್ಕನೆ ಅವನ ಜೇಬಿಗೇ ಹೋಯಿತು!

"ನೋಡಿ, ದೊಡ್ಡೋರು ಅಂದ್ರೆ ಇವ್ರು!" ಎಂದು ಮೈಕಿನಲ್ಲಿ ಕೂಗಿದ. ಮತ್ತೆ ಚಪ್ಪಾಳೆ. ನಾನೂ ಕೈಮುಗಿದು ನಕ್ಕೆ, ಮೂರ್ಖ!

ವಾಪಸು ಬರುವ ಬಸ್ಸಿನಲ್ಲಿ ಸರೋಜಾ ಕಿಟಕಿಯತ್ತ ತಿರುಗಿ ಕೂತಳು. ಹೆಂಗಸರಿಗೆ ಟಿಕೆಟ್ಟು ಪುಕ್ಕಟೆ. ಕಂಡಕ್ಟರು ನನ್ನೆದುರು ಕೈಚಾಚಿದ. ನನ್ನ ಜೇಬಿನಲ್ಲಿದ್ದುದೆಲ್ಲ ಹೋಗುವಾಗಲೇ ಆಟೋದವನ ಪಾಲಾಗಿತ್ತು.

"ಸರೋಜಾ, ಟಿಕೆಟ್ಟಿಗೆ ಸ್ವಲ್ಪ ದುಡ್ಡು ಕೊಡೇ," ಎಂದೆ.

ಎಷ್ಟು ಸಲೀಸಾಗಿ ಬಂತು ಮಾತು!