ಅಕ್ಕನ ಮೊಬೈಲಿನಲ್ಲಿ ನಾನೊಂದು ಚುಕ್ಕೆ

ನನಗಾಗಿರುವ ಅನ್ಯಾಯವನ್ನು ಮೊದಲೇ ಸ್ಪಷ್ಟವಾಗಿ ಹೇಳಿಬಿಡುತ್ತೇನೆ. ನಾನು ಎಲ್ಲಿದ್ದೇನೆ, ಎಷ್ಟು ಹೊತ್ತಿನಿಂದ ಇದ್ದೇನೆ, ಅಲ್ಲಿಂದೆದ್ದು ಯಾವ ದಿಕ್ಕಿಗೆ ಹೊರಟಿದ್ದೇನೆ ಎಂಬುದನ್ನೆಲ್ಲ ನನ್ನ ಮೊಬೈಲು, ನನ್ನನ್ನು ಒಂದು ಮಾತೂ ಕೇಳದೆ, ಪರರಿಗೆ ಹೇಳುತ್ತಿದೆ. ಆ ಪರರು ಯಾರು, ಎಷ್ಟು ಮಂದಿ, ಯಾವ ಊರಿನಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದಾರೆ ಎಂಬುದು ನನಗೆ ತಿಳಿಯದು. ತಿಳಿಯದಿರುವುದೇ ನನ್ನ ಭಯ. ಅವರಲ್ಲಿ ಒಬ್ಬರನ್ನು ಮಾತ್ರ ನಾನು ಚೆನ್ನಾಗಿ ಬಲ್ಲೆ. ಅವಳು ನನ್ನ ಒಡಹುಟ್ಟಿದ ಅಕ್ಕ!

ಪೊಲೀಸು ಇಲಾಖೆಯವರು ನಾಯಿಗಳಿಗೆ ತರಬೇತಿ ಕೊಡುವ ಮೊದಲು ನನ್ನ ಅಕ್ಕನನ್ನು ಒಮ್ಮೆ ಕಂಡಿದ್ದರೆ ಸರ್ಕಾರಕ್ಕೆ ಎಷ್ಟೋ ಮಾಂಸದ ಖರ್ಚು ಉಳಿಯುತ್ತಿತ್ತು. ಆಕೆ ಇರುವುದು ಕೆ.ಜಿ.ಎಫ್.ನ ಮಾರಿಕುಪ್ಪಂನಲ್ಲಿ, ಹಿಂದೆ ಗಣಿಯವರು ವಾಸವಾಗಿದ್ದ ಸಾಲುಮನೆಯೊಂದರಲ್ಲಿ, ಮಗಳೊಡನೆ. ನಾನಿರುವುದು ಬಂಗಾರಪೇಟೆಯಲ್ಲಿ. ನಡುವೆ ಒಂದು ರೈಲು, ಕೆಲವು ಸ್ಟೇಷನ್ನು, ಧಾರಾಳವಾದ ಗಾಳಿ. ಆ ಅಂತರವನ್ನು ಕಾಪಾಡಿಕೊಂಡೇ ನಾವಿಬ್ಬರೂ ಇಷ್ಟು ವರ್ಷ ಪ್ರೀತಿಯಿಂದ ಇದ್ದೆವು. ಈಗ ಆ ಅಂತರವೇ ಇಲ್ಲ! ಬೆಳಗ್ಗೆ ಕಣ್ಣುಬಿಟ್ಟೊಡನೆ ಆಕೆ ದೇವರ ಪಟವನ್ನು ನೋಡುವುದಿಲ್ಲ. ಮೊಬೈಲಿನ ನಕ್ಷೆಯನ್ನು ನೋಡುತ್ತಾಳೆ. ಮಗಳದೊಂದು ಚುಕ್ಕೆ, ಮೊಮ್ಮಗಳದೊಂದು ಚುಕ್ಕೆ, ನನ್ನದೊಂದು ಚುಕ್ಕೆ. ಎಲ್ಲ ಚುಕ್ಕೆಗಳೂ ಅವುಗಳ ಜಾಗದಲ್ಲಿವೆಯೆಂದು ಖಾತ್ರಿಯಾದ ಮೇಲೆಯೇ ಕಾಫಿ.

ಇದಕ್ಕೆಲ್ಲ ಮೂಲ ಬಜಾರು ರಸ್ತೆಯ ಮೊಬೈಲು ಅಂಗಡಿಯವನು. ಹಿಂದೊಮ್ಮೆ ಚಾರ್ಜರು ಕೊಳ್ಳಲು ಹೋದಾಗ ಈತ ನನ್ನನ್ನು ‘ತಾತ’ ಎಂದು ಕರೆದಿದ್ದ. ಅದನ್ನು ನಾನು ಮರೆತಿಲ್ಲ. ಹೊಸ ಮೊಬೈಲು ಕೊಂಡ ದಿನ ಅಕ್ಕನೂ ಜೊತೆಗಿದ್ದಳು. ಆತ ಗಾಜಿನ ಪರದೆಯನ್ನು ನನ್ನ ಮುಂದೆ ಹಿಡಿದು, “ಇಲ್ಲೊಂದ್ ಎಬ್ಬೆಟ್ಟು ಇಕ್ಕಿ ಸಾರ್” ಎಂದ.

“ಇದರಲ್ಲಿ ಏನು ಬರೆದಿದೆ?”

“ಅಲೌ ಅಂತ ಬರ್ದೈತೆ.”

“ಯಾವುದಕ್ಕೆ ಅಲೌ?”

“ಎಲ್ಲಾದುಕ್ಕೂ ಸಾರ್! ಓದ್ಕಂತಾ ಕುಂತ್ರೆ ಪೋನು ಅಳೇದಾಗೋಯ್ತದೆ.”

ಹೀಗೆಂದವನು ನನ್ನ ಬೆರಳನ್ನು ತಾನೇ ಹಿಡಿದು ಟಪಟಪನೆ ಒತ್ತಿಸಿಬಿಟ್ಟ. ಪ್ರೌಢಶಾಲೆಯಲ್ಲಿ ಮೂರು ತಲೆಮಾರಿಗೆ ಕನ್ನಡ ಕಲಿಸಿದವನು ನಾನು. ಓದದೆ ಹೆಬ್ಬೆಟ್ಟು ಒತ್ತಬಾರದೆಂದು ಹಳ್ಳಿಹಳ್ಳಿಗೆ ಹೋಗಿ ಹಿರಿಯರಿಗೆ ಉಪನ್ಯಾಸ ಮಾಡಿದವನು. ನನ್ನ ಹೆಬ್ಬೆಟ್ಟಿಗೇ ಈ ಗತಿ! ಅಷ್ಟಕ್ಕೇ ಮುಗಿಯಿತೇ? ಪಕ್ಕದಲ್ಲಿ ನಿಂತಿದ್ದ ಅಕ್ಕ, “ನಂಗೂ ಒಂದ್ ಒತ್ಕೊಡಪ್ಪಾ, ಇವ್ನು ಎಲ್ಲವ್ನೆ ಅಂತ ನೋಡಾಕೆ” ಎಂದಳು. ಕೊತ್ತಂಬರಿ ಸೊಪ್ಪನ್ನು ಕೊಸರು ಹಾಕಿಸಿಕೊಂಡಷ್ಟು ಸಲೀಸಾಗಿ ನನ್ನ ಸ್ವಾತಂತ್ರ್ಯ ಆಕೆಯ ಕೈಚೀಲಕ್ಕೆ ಬಿತ್ತು.

ಮೊದಲ ಪೆಟ್ಟು ಬಿದ್ದದ್ದು ಪಾನಿಪುರಿಯ ಅಂಗಡಿಯ ಮುಂದೆ. ನಮ್ಮ ಬಂಗಾರಪೇಟೆಯ ಪಾನಿ ಎಷ್ಟು ತಿಳಿಯೆಂದರೆ, ನೋಡಿದವರು ಬರಿಯ ನೀರೆಂದು ಮೋಸಹೋಗುತ್ತಾರೆ. ಬಾಯಿಗೆ ಬಿದ್ದ ಮೇಲೆ ಪೂರ್ವಜರೆಲ್ಲ ಒಟ್ಟಿಗೆ ನೆನಪಾಗುತ್ತಾರೆ. ನನಗೆ ಸಕ್ಕರೆ ಕಾಯಿಲೆ, ರಕ್ತದೊತ್ತಡ ಎರಡೂ ಇವೆಯೆಂದು ಡಾಕ್ಟರು ಅದನ್ನು ನಿಷೇಧಿಸಿದ್ದರು. ಮೊದಲ ಪೂರಿ ಬಾಯೊಳಗೆ ಒಡೆಯುವುದಕ್ಕೂ ಮೊಬೈಲು ಹೊಡೆದುಕೊಳ್ಳುವುದಕ್ಕೂ ಸರಿಹೋಯಿತು.

“ಬಾಯಾಗೆ ಏನ್ಲಾ ಅದು?”

“ಏನೂ ಇಲ್ಲ ಅಕ್ಕಾ. ಆಂಜನೇಯನ ಗುಡಿಗೆ ಬಂದಿದ್ದೆ. ತೀರ್ಥ.”

“ಗುಡಿ ರಸ್ತೆ ಆ ಕಡೀಕೈತೆ. ನಿನ್ ಚುಕ್ಕೆ ಈ ಕಡೀಕೈತೆ. ಆಂಜನೇಯ ಎದ್ದು ಬಂದು ಪುರಿ ಅಂಗ್ಡಿ ಮುಂದೆ ಕುಂತವ್ನಾ?”

ಮನೆ ತಲುಪುವಷ್ಟರಲ್ಲಿ ನನ್ನ ಹೆಂಡತಿ ಬಾಗಿಲಲ್ಲಿ ನಿಂತಿದ್ದಳು. ಅಕ್ಕ ಅವಳಿಗೂ ಫೋನು ಮಾಡಿದ್ದಳು. ಬಾಯಿ ತೆರೆಸಿ ನೋಡಿದಳು, ಅಷ್ಟೆ!

ಇದು ನಗುವ ಮಾತು. ನಗು ನಿಂತುಹೋದದ್ದು ನನ್ನ ಸಹೋದ್ಯೋಗಿಯೊಬ್ಬರು ತೀರಿಕೊಂಡಾಗ. ಸ್ಮಶಾನದಲ್ಲಿ ಚಿತೆಗೆ ಕೈಮುಗಿದು ಈಚೆಗೆ ಬಂದು ನಲ್ಲಿಯಲ್ಲಿ ಕಾಲು ತೊಳೆಯುತ್ತಿದ್ದೆ. ಜೇಬಿನಲ್ಲಿ ಮೊಬೈಲು ನಡುಗಿತು. ತೆಗೆದು ನೋಡಿದರೆ ಸ್ಮಶಾನದ ಹೆಸರು ಹಾಕಿ, ‘ಈ ಸ್ಥಳ ನಿಮಗೆ ಹೇಗೆನಿಸಿತು? ನಕ್ಷತ್ರ ಕೊಡಿ’ ಎಂದು ಕೇಳುತ್ತಿದೆ! ಇತರರಿಗೆ ಉಪಯೋಗವಾಗುವಂತೆ ಒಂದು ಫೋಟೋ ಸೇರಿಸಬೇಕಂತೆ! ನಾನು ಬಂದದ್ದನ್ನು ಇದು ನೋಡಿದೆ. ಹೊರಟದ್ದನ್ನೂ ನೋಡಿದೆ. ಹೊರಡದೆ ಅಲ್ಲೇ ಉಳಿದವರ ಮನೆಯವರನ್ನೂ ಇದು ಹೀಗೆಯೇ ಕೇಳುತ್ತದೆಯೇ?

ಅಕ್ಕನಿಗೆ ಹೇಳಿದೆ. ಆಕೆ ಎಲೆಯಡಿಕೆ ಅಗಿಯುತ್ತ ಯೋಚಿಸಿ, “ಐದೂ ಕೊಟ್ಬುಡು. ಅಲ್ಲಿಗೋದೋರು ಯಾರೂ ವಾಪಸ್ ಬಂದು ಕಂಪ್ಲೇಂಟ್ ಮಾಡಿಲ್ವಲ್ಲ” ಎಂದಳು.

ಆಮೇಲೆ ಎದೆಯಲ್ಲಿ ಚೂರು ನೋವು ಕಾಣಿಸಿಕೊಂಡಿತು. ಯಾರಿಗೂ ತಿಳಿಸದೆ, ಹೆಂಡತಿಗೂ ಹೇಳದೆ, ಕೋಲಾರದ ಒಂದು ಸ್ಕ್ಯಾನಿಂಗ್ ಕೇಂದ್ರಕ್ಕೆ ಹೋದೆ. ಬರಿಯ ವಾಯು ಎಂದು ತಿಳಿಯಿತು. ಆದರೆ ಅಲ್ಲಿನ ಬೆಂಚಿನ ಮೇಲೆ ಕುಳಿತಿದ್ದಾಗಲೇ ಅಕ್ಕ ಫೋನು ಮಾಡಿ, “ಅಲ್ಯಾಕ್ಲಾ ಕುಂತಿದ್ದೀಯಾ? ಏನಾಗೈತೆ? ನಾನ್ ಬತ್ತೀನಿ ಇರು” ಎಂದು ಹೊರಟೇಬಿಟ್ಟಿದ್ದಳು. ಸ್ನೇಹಿತರ ಜೊತೆಗೆ ಬಂದಿದ್ದೇನೆಂದು ಸುಳ್ಳು ಹೇಳಿ ತಡೆಯಬೇಕಾಯಿತು. ಮಾರನೆಯ ದಿನದಿಂದ ಮೊಬೈಲಿನ ತುಂಬ ಹೃದಯದ ಚಿತ್ರಗಳು! ಹೃದಯದ ಶಸ್ತ್ರಚಿಕಿತ್ಸೆಗೆ ಸುಲಭ ಕಂತು, ಅರವತ್ತು ದಾಟಿದವರಿಗೆ ವಿಮೆ, ‘ನಿಮ್ಮ ನಂತರ ನಿಮ್ಮವರ ಗತಿಯೇನು?’ ಎಂಬ ಪ್ರಶ್ನೆ. ಅಕ್ಕನಾದರೂ ‘ಏನಾಗಿದೆ’ ಎಂದು ಕೇಳಿದಳು. ಇವರು ಕೇಳಲಿಲ್ಲ, ತೀರ್ಮಾನಿಸಿದರು. ಅಂದಿನಿಂದ ನಾನು ಬೀದಿಯಲ್ಲಿ ನಡೆಯುವಾಗ ಹಿಂದಿರುಗಿ ನೋಡುವ ಅಭ್ಯಾಸ ಹತ್ತಿತು. ಹಿಂದೆ ಯಾರೂ ಇರುವುದಿಲ್ಲ. ಇರಬೇಕಾದವನು ಜೇಬಿನಲ್ಲಿದ್ದಾನಲ್ಲ! ಮೊಬೈಲಿನ ಬ್ಯಾಟರಿ ದೀಪ ಹಚ್ಚಲು ಹೋದರೂ ಅದು ನನ್ನ ಜಾಗವನ್ನು ತಿಳಿಯಬೇಕೆನ್ನುತ್ತದೆ. ಕತ್ತಲೆ ಎಲ್ಲಿದ್ದರೂ ಕತ್ತಲೆಯೇ ಅಲ್ಲವೇ ಸ್ವಾಮೀ?

ಇನ್ನು ಬೆಂಗಳೂರಿನ ಪ್ರಸಂಗ. ಮದುವೆಯೊಂದಕ್ಕೆ ಹೋದವನು ನೆಲದಡಿಯ ಮೆಟ್ರೋ ರೈಲು ಹತ್ತಿದೆ. ಒಳಗೆ ಸಿಗ್ನಲ್ಲು ಸಿಕ್ಕಲಿಲ್ಲ. ಮೇಲೆ ಬಂದು ಬಿಸಿಲು ಕಂಡೊಡನೆ ಫೋನು.

“ಎಲ್ಲೋಗಿದ್ಲಾ? ಚುಕ್ಕೆ ನಿಂತೋಗೈತೆ!” ಆಕೆಯ ದನಿ ಒಡೆದಿತ್ತು.

“ಮೆಟ್ರೋದಲ್ಲಿದ್ದೆ ಅಕ್ಕಾ. ಅದು ನೆಲದೊಳಗೆ ಹೋಗುತ್ತೆ.”

“ನೆಲದೊಳೀಕಾ? ಎಷ್ಟ್ನೇ ಲೆವೆಲ್ಲು?”

“ಲೆವೆಲ್ಲೂ ಇಲ್ಲ, ಪಾತಾಳವೂ ಇಲ್ಲ. ಒಳಗೆ ತಣ್ಣಗೆ ಗಾಳಿ ಬಿಟ್ಟಿರುತ್ತಾರೆ.”

“ಮ್ಯಾಲಿಂದ ಗಾಳಿ ಬುಡ್ತಾರೆ ಅಂದ್ರೆ ಒಳಗೆ ಗಾಳಿ ಇಲ್ಲ ಅಂತಾನೇ ಕಣ್ಲಾ. ಟೋಕನ್ ಕೊಟ್ರಾ?”

“ಕೊಟ್ಟರು.”

“ವಾಪಸ್ ಇಸ್ಕಂಡ್ರಾ?”

“ಗೇಟಿನಲ್ಲಿ ಹಾಕಿಯೇ ಬಂದೆ.”

ಆ ಕಡೆಯಿಂದ ನಿಟ್ಟುಸಿರು ಕೇಳಿತು. “ಸರಿ ಬುಡು. ಟೋಕನ್ ವಾಪಸ್ ಬಂದ್ರೆ ಮನ್ಸ ಮ್ಯಾಲೀಕೆ ಬಂದ ಅಂತ.”

ನಮ್ಮ ಭಾವ ಚಿನ್ನದ ಗಣಿಯಲ್ಲಿದ್ದವರು; ಅಲ್ಲಿ ಭೂಮಿಯೊಳಗಿನ ಒಂದೊಂದು ಅಂತಸ್ತಿಗೂ ಲೆವೆಲ್ಲೆಂದು ಹೆಸರು. ಕೆಳಗಿಳಿಯುವ ಪ್ರತಿಯೊಬ್ಬನೂ ನಂಬರು ಕೊರೆದ ಬಿಲ್ಲೆಯೊಂದನ್ನು ತೆಗೆದುಕೊಂಡು ಇಳಿಯಬೇಕು, ಮೇಲೆ ಬಂದು ಒಪ್ಪಿಸಬೇಕು. ಒಪ್ಪಿಸದ ಬಿಲ್ಲೆಯ ಮನುಷ್ಯ ಇನ್ನೂ ಭೂಮಿಯೊಳಗಿದ್ದಾನೆಂದು ಲೆಕ್ಕ. ಗಣಿ ಮುಚ್ಚಿ ಎಷ್ಟೋ ವರ್ಷವಾದರೂ ಅಕ್ಕನಿಗೆ ಊರು ಎಂದರೆ ಮೇಲೊಂದು, ಕೆಳಗೊಂದು. ನಕ್ಷೆಯಲ್ಲಿ ಉತ್ತರ ದಕ್ಷಿಣ ಉಂಟು. ಮೇಲೆ ಕೆಳಗೆ ಇಲ್ಲ. ಹಾಗಾಗಿ ಚುಕ್ಕೆ ಕಂಡರೂ ಆಕೆಗೆ ಅರ್ಧ ಮಾತ್ರ ನಂಬಿಕೆ! ಈ ಮೆಟ್ರೋ ಕಥೆಯನ್ನು ಬಂಗಾರಪೇಟೆಯಲ್ಲಿ ಯಾರಿಗೆ ಹೇಳಿದರೂ ಹೊಟ್ಟೆ ಹಿಡಿದು ನಕ್ಕರು. ಮಾರಿಕುಪ್ಪಂನ ಸಾಲುಮನೆಗಳಲ್ಲಿ ಹೇಳಿದಾಗ ಮಾತ್ರ ಒಬ್ಬರೂ ನಗಲಿಲ್ಲ. ಒಬ್ಬ ಮುದುಕಿ ತಮಿಳಿನಲ್ಲಿ, “ವಂದುಟ್ಟಿಯಾ, ಅದು ಪೋದುಂ ಪಾ” ಎಂದಳು. ಬಂದೆಯಲ್ಲ, ಅಷ್ಟು ಸಾಕಪ್ಪ ಎಂದು.

ಕಡೆಗೊಂದು ದಿನ ನನ್ನ ತಾಳ್ಮೆ ಮುಗಿಯಿತು. ಕಾಮಸಮುದ್ರದಲ್ಲಿ ನನ್ನ ಹಳೆಯ ವಿದ್ಯಾರ್ಥಿಯೊಬ್ಬನ ಮನೆ ಗೃಹಪ್ರವೇಶ. ಹೋಗುವ ದಾರಿಯಲ್ಲಿ ಅಕ್ಕನ ಮನೆಗೆ ಇಳಿದೆ. ಒಳಗೆ ಕಾಲಿಡುವ ಮೊದಲೇ, “ಸ್ಟೇಷನ್ ಅತ್ರ ಯಾಕ್ ಅಷ್ಟೊತ್ತು ನಿಂತ್ಕಂಡಿದ್ದೆ?” ಎಂದಳು. ಆಕೆ ನನಗೆ ಮಾಡಿದ ಅಪಮಾನಗಳನ್ನೆಲ್ಲ ಪಾನಿಪುರಿಯಿಂದ ಮೊದಲ್ಗೊಂಡು ಕ್ರಮವಾಗಿ ಹೇಳಿದೆ. ಒಂದನ್ನೂ ಬಿಡಲಿಲ್ಲ.

“ನಾನೇನು ಕೊರಳಿಗೆ ಗಂಟೆ ಕಟ್ಟಿದ ಎಮ್ಮೆಯೇ ಅಕ್ಕಾ?”

“ಗಂಟೆ ಕಟ್ಟಿದ್ ಎಮ್ಮೆ ಸಂಜೀಕೆ ಮನೀಗ್ ಬತ್ತದೆ ಕಣ್ಲಾ” ಎಂದಳು, ತಲೆಯೆತ್ತದೆ.

ಕೋಪದಲ್ಲಿ ಊಟವನ್ನೂ ಮಾಡದೆ ಬಸ್ಸು ಹತ್ತಿದೆ. ಬಸ್ಸು ಮೈಸೂರು ಮೈನ್ಸ್ ಎಂಬ ಹಳೆಯ ಗಣಿಯನ್ನು ದಾಟುತ್ತಿರುವಾಗ ಮೊಬೈಲನ್ನು ಪೂರ್ತಿ ಆರಿಸಿ ಚೀಲದ ತಳಕ್ಕೆ ಹಾಕಿದೆ. ಎಂಥ ಸುಖ! ಭೂಮಿಯ ಮೇಲೆ ನಾನೆಲ್ಲಿದ್ದೇನೆಂದು ನನ್ನೊಬ್ಬನಿಗೇ ಗೊತ್ತು! ಗೃಹಪ್ರವೇಶದಲ್ಲಿ ಒಬ್ಬಟ್ಟನ್ನು ಯಾರ ಅಪ್ಪಣೆಯನ್ನೂ ಕೇಳದೆ ತುಪ್ಪದೊಡನೆ ತಿಂದೆ. ಇನ್ನೊಂದನ್ನೂ ತಿಂದೆ.

ಸಂಜೆಯ ಬಿಸಿಲಿರುವಾಗಲೇ ಹಿಂದಿರುಗುತ್ತಿದ್ದೆ. ಬಸ್ಸು ಮೈಸೂರು ಮೈನ್ಸ್ ಹತ್ತಿರ ನಿಂತುಬಿಟ್ಟಿತು. ರಸ್ತೆಯ ತುಂಬ ಜನ.

“ಏನಾಯಿತಪ್ಪಾ?” ಎಂದು ಕಂಡಕ್ಟರನ್ನು ಕೇಳಿದೆ.

“ಯಾರೋ ಒಂದ್ ಅಜ್ಜಿ ಸಾರ್. ತಮ್ಮ ಶಾಫ್ಟ್ ಒಳೀಕ್ ಬಿದ್ದವ್ನೆ ಅಂತ ಗಲಾಟೆ.”

ನನ್ನ ಬಾಯಲ್ಲಿದ್ದ ಒಬ್ಬಟ್ಟಿನ ಸಿಹಿ ಹಾಗೆಯೇ ಕಹಿಯಾಯಿತು. ಇಳಿದು ಓಡಿದೆ. ಮುಚ್ಚಿದ ಹಳೆಯ ಶಾಫ್ಟಿನ, ಗಣಿಗಿಳಿಯುವ ಆ ಬಾವಿಯ, ಸುತ್ತಲಿನ ತಂತಿಬೇಲಿಯನ್ನು ಎರಡೂ ಕೈಗಳಿಂದ ಹಿಡಿದು ನನ್ನ ಅಕ್ಕ ನಿಂತಿದ್ದಳು. ನನ್ನ ಹೆಸರು ಹಿಡಿದು ಕೂಗುತ್ತಿದ್ದಳು. ಎದುರಿಗಲ್ಲ; ಕೆಳಗೆ, ನೆಲದೊಳಕ್ಕೆ. ಗಂಟಲು ಬಿದ್ದುಹೋಗಿತ್ತು. ಕಾಲಲ್ಲಿ ಒಂದೇ ಚಪ್ಪಲಿ. ಕಾವಲುಗಾರ ಕೈಮುಗಿಯುತ್ತಿದ್ದ. “ಅಮ್ಮಾ, ಬೀಗ ಆಕೈತೆ. ಯಾರೂ ಒಳೀಕ್ ಓಗಿಲ್ಲ, ಸತ್ಯವಾಗ್ಲೂ.”

“ಪೋನ್ನಾಗೆ ಚುಕ್ಕೆ ಇಲ್ಲೇ ನಿಂತೈತಲ್ಲಪ್ಪಾ! ಇಲ್ಗಂಟ ಬಂದೋನು ಆಮ್ಯಾಕೆ ಎಲ್ಲೂ ಇಲ್ಲ. ಕೆಳೀಕಲ್ದೆ ಇನ್ನೆಲ್ಲೋದ?”

“ಅಕ್ಕಾ” ಎಂದೆ.

ಆಕೆ ತಿರುಗಿದಳು. ಹತ್ತಿರ ಬಂದು ನನ್ನ ಕೆನ್ನೆ, ಭುಜ, ತೋಳುಗಳನ್ನು ಮುಟ್ಟಿ ಮುಟ್ಟಿ ನೋಡಿದಳು. ಅಂಗೈ ತಂತಿಗೆ ಗೀರಿ ರಕ್ತ ಬಂದಿತ್ತು. ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಅಲ್ಲೇ ನೆಲದ ಮೇಲೆ ಕುಳಿತುಬಿಟ್ಟಳು.

“ನಿಮ್ ಭಾವ ಮ್ಯಾಲೀಕ್ ಬರ್ದೇ ಇದ್ದಾಗ್ಲೂ ಇಂಗೇ ನಿಂತಿದ್ದೆ ಕಣೋ. ಒಳೀಕ್ ಬಂಡೆ ಸಿಡೀತು ಅಂದ್ರು, ಅಷ್ಟೇಯ. ಎಲ್ಲವ್ರೆ, ಎಲ್ಲವ್ರೆ ಅಂತ ಬಂದೋರ್ನೆಲ್ಲಾ ಕೇಳ್ದೆ. ಪಾಪ, ಯಾರ್ಗೂ ಗೊತ್ತಿರ್ಲಿಲ್ಲ. ಎಲ್ಲವ್ರೆ ಅಂತ ಗೊತ್ತಾಗಿದ್ರೆ ಸಾಕಿತ್ತು. ಅಳಾಕಾದ್ರೂ ಒಂದ್ ಜಾಗ ಸಿಕ್ತಿತ್ತು.”

ನಾನೂ ಆಕೆಯ ಪಕ್ಕದಲ್ಲಿ ಕುಳಿತೆ. ಎದುರಿಗಿದ್ದ, ಚಿನ್ನ ತೆಗೆದು ಸುರಿದ ಮಣ್ಣಿನ ಸಯನೈಡ್ ದಿಬ್ಬದ ಮೇಲೆ ಬಿಸಿಲು ಇಳಿಯುತ್ತಿತ್ತು. ನಾವು ಹತ್ತದೆಯೇ ಬಸ್ಸು ಹೊರಟುಹೋಯಿತು.

ಜಗಳದಲ್ಲಿ ನ್ಯಾಯ ನನ್ನ ಕಡೆಗಿತ್ತು, ಇಂದಿಗೂ ಇದೆ. ಆದರೂ ಅಲ್ಲಿಯೇ ಕುಳಿತು ಮೊಬೈಲನ್ನು ಹಚ್ಚಿ, ಅಂಗಡಿಯವನು ಒತ್ತಿಸಿದ್ದನ್ನು ಅಳಿಸಿ, ನನ್ನ ಜಾಗವನ್ನು ಅಕ್ಕನಿಗೆ ತೋರಿಸುವ ಗುಂಡಿಯನ್ನು ನಾನೇ ಹುಡುಕಿದೆ. ಈ ಬಾರಿ ಪ್ರತಿಯೊಂದು ಅಕ್ಷರವನ್ನೂ ಓದಿದೆ. ಮೊಬೈಲು ಬಹಳ ಗಂಭೀರವಾಗಿ ನನ್ನನ್ನು ವಿಚಾರಿಸಿತು: ಇವರಿಗೆ ಒಂದು ಗಂಟೆ ಮಾತ್ರ ತೋರಿಸಲೇ, ನೀವೇ ನಿಲ್ಲಿಸುವವರೆಗೂ ತೋರಿಸಲೇ? ಇವರು ನಿಮಗೆ ಪರಿಚಿತರು ತಾನೇ? ಯೋಚಿಸಿ ಒತ್ತಿ! ನನ್ನನ್ನು ಎತ್ತಿ ಆಡಿಸಿದ ಅಕ್ಕನ ವಿಷಯದಲ್ಲಿ ಇಷ್ಟು ಎಚ್ಚರಿಕೆ. ಸ್ಮಶಾನದಲ್ಲಿ ನಕ್ಷತ್ರ ಕೇಳಿದವರ ವಿಷಯದಲ್ಲಿ, ನನ್ನ ಎದೆನೋವಿಗೆ ಕಂತು ಕಟ್ಟಿದವರ ವಿಷಯದಲ್ಲಿ ಈ ಪ್ರಶ್ನೆ ಒಮ್ಮೆಯೂ ಮೇಲೆ ಬರಲಿಲ್ಲ.

ಆದ್ದರಿಂದ, ಎಲ್ಲಿಯೋ ಕುಳಿತು ನನ್ನ ಹೆಜ್ಜೆಗಳನ್ನು ನೋಡುತ್ತಿರುವ, ನಾನು ಹೆಸರು ಕೂಡ ಅರಿಯದ ಮಹನೀಯರೇ, ನನ್ನದೊಂದು ಪ್ರಶ್ನೆಯಿದೆ. ನನ್ನ ಚುಕ್ಕೆ ನಿಜವಾಗಿಯೂ ಆರಿಹೋದ ದಿನ, ನಿಮ್ಮಲ್ಲಿ ಯಾರು ಒಂಟಿ ಚಪ್ಪಲಿಯಲ್ಲಿ ಓಡಿಬಂದು, ತಂತಿಬೇಲಿಯನ್ನು ಹಿಡಿದು, ಗಂಟಲು ಬೀಳುವವರೆಗೆ ನನ್ನ ಹೆಸರನ್ನು ಕೂಗುತ್ತೀರಿ?